ಅರ್ನಾಳದ ದಂಡೆಯಲ್ಲಿ ಒಂದು ಬೂಬಿ

ಕಳೆದ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ. ಅದಕ್ಕೆ ಮುಂಚಿನ ಮೂರು ದಿನ ವಸೈ-ವಿರಾರ್ ಕಡೆ ಬಿಡದೆ ಸುರಿದಿತ್ತು. ಮಳೆಗಿಂತ ಗಾಳಿಯೇ ಜಾಸ್ತಿ. ನಮ್ಮ ಸೊಸೈಟಿಯ ಮೇಲಿನ ಎರಡು ತಗಡು ಹಾರಿ ಪಕ್ಕದವರ ಅಂಗಳದಲ್ಲಿ ಬಿದ್ದಿದ್ದವು. ಬೆಳಿಗ್ಗೆ ಆರಕ್ಕೆ ಬೈನಾಕ್ಯುಲರ್ ಕುತ್ತಿಗೆಗೆ ಹಾಕಿಕೊಂಡಾಗ ಮನೆಯವಳು, "ಈ ಗಾಳಿಯಲ್ಲಿ ಯಾವ ಹಕ್ಕಿ ನಿಮಗೋಸ್ಕರ ಕಾದು ಕೂತಿರ್ತದೆ?" ಎಂದಳು.

ಅವಳು ಕೇಳಿದ್ದು ತಪ್ಪಲ್ಲ. ಮಳೆಗಾಲದಲ್ಲಿ ಮುಂಬೈ ಸುತ್ತಮುತ್ತ ಹಕ್ಕಿ ನೋಡುವವರಿಗೆ ಕೆಲಸ ಕಡಿಮೆ. ಫ್ಲೆಮಿಂಗೊಗಳು ಬಹುಪಾಲು ಹೋಗಿರುತ್ತವೆ, ಚಳಿಗಾಲದ ಗೊರವಗಳು ಇನ್ನೂ ಬಂದಿರುವುದಿಲ್ಲ. ಆದರೆ ಈ ಚಟ ಹತ್ತಿದವರಿಗೆ ಒಂದು ಗುಟ್ಟು ಗೊತ್ತಿರುತ್ತದೆ. ನಾಲ್ಕು ದಿನ ಜೋರು ಗಾಳಿ ಬೀಸಿ ನಿಂತ ಮರುದಿನ ಕಡಲ ದಂಡೆಗೆ ಹೋಗಬೇಕು. ಎಲ್ಲಿಯದೋ ಹಕ್ಕಿ ಅಲ್ಲಿ ಬಿದ್ದಿರಬಹುದು.

ವಿರಾರ್ ಸ್ಟೇಷನ್ನಿನಿಂದ ಶೇರ್ ರಿಕ್ಷಾ ಹಿಡಿದು ಅರ್ನಾಳಕ್ಕೆ ಹೋದೆ. ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವ ಹಾಗಿಲ್ಲ. ದೋಣಿಗಳೆಲ್ಲ ನೀಲಿ ತಾಡಪತ್ರಿ ಹೊದ್ದು ಮರಳಿನ ಮೇಲಿದ್ದವು. ಎದುರಿಗೆ ನೀರಿನ ನಡುವೆ ಅರ್ನಾಳ ಕೋಟೆ ಮಸುಕಾಗಿ ಕಾಣುತ್ತಿತ್ತು. ನಾನು ಹುಟ್ಟಿದ್ದು ಕುಂದಾಪುರದ ಹತ್ತಿರ, ಮೀನುಗಾರರ ಮನೆಯಲ್ಲಿ. ಮಳೆಗಾಲದ ಈ ಕೆಂಪು ಮಣ್ಣಿನ ಬಣ್ಣದ ಸಮುದ್ರ, ಅದರ ವಾಸನೆ ನನಗೆ ಹೊಸತಲ್ಲ. ಅಲ್ಲಿ ಬೆಳೆದವನಿಗೆ ಇದು ಹೇಗೆ ತಿಳಿಯಲಿಲ್ಲ ಎಂದು ಆಮೇಲೆ ನನ್ನನ್ನು ನಾನೇ ಕೇಳಿಕೊಂಡದ್ದಕ್ಕೆ ಈ ಮಾತನ್ನು ಮೊದಲೇ ಹೇಳಿಬಿಡುತ್ತಿದ್ದೇನೆ.

ಗಾಳಿಮರಗಳ ಸಾಲು ಮುಗಿಯುವಲ್ಲಿ ಅಲೆಗಳು ತಂದು ಹಾಕಿದ ಕಸದ ಗೆರೆ. ಪ್ಲಾಸ್ಟಿಕ್ ಬಾಟಲಿ, ಥರ್ಮೋಕೋಲ್, ಹರಿದ ಬಲೆ, ಪ್ರತಿ ಮಳೆಗಾಲವೂ ಬರುವ ಡಾಂಬರಿನ ಉಂಡೆಗಳು. ಅದರ ನಡುವೆ ಐದಾರು ಕಾಗೆಗಳು ಯಾವುದನ್ನೋ ಸುತ್ತುವರಿದಿದ್ದವು. ದೂರದಿಂದ ಯಾರದೋ ಮನೆಯ ಬಾತುಕೋಳಿ ಅನಿಸಿತು. ಬೈನಾಕ್ಯುಲರ್ ಎತ್ತಿ ನೋಡಿದೆ. ಬಾತುಕೋಳಿಗೆ ಅಂಥ ಕೊಕ್ಕಿರುವುದಿಲ್ಲ. ಕಠಾರಿಯ ಹಾಗೆ ನೇರ, ಉದ್ದ, ಬುಡದಲ್ಲಿ ದಪ್ಪ. ತಲೆ ಕಂದು, ಬೆನ್ನು ಕಂದು, ಎರಡರ ನಡುವೆ ಕುತ್ತಿಗೆಗೆ ಸುತ್ತಿದ ಹಾಗೆ ಬಿಳಿ ಪಟ್ಟಿ. ಹೊಟ್ಟೆ ಬಿಳಿ.

ಆ ಬಿಳಿ ಪಟ್ಟಿ ನೋಡಿದ ಮೇಲೆ ನನ್ನ ಕೈ ನಡುಗತೊಡಗಿತು. ಮಾಸ್ಕ್ಡ್ ಬೂಬಿ. ಎಳೆಯದು, ಇನ್ನೂ ಮೈಯೆಲ್ಲ ಬಿಳಿಯಾಗದ್ದು. ಬ್ರೌನ್ ಬೂಬಿಯ ಮರಿಗೆ ಈ ಪಟ್ಟಿ ಇರುವುದಿಲ್ಲ, ಕಂದು ಬಣ್ಣ ಎದೆಯವರೆಗೂ ಇಳಿದಿರುತ್ತದೆ. ಪುಸ್ತಕದಲ್ಲಿ ಎಷ್ಟು ಸಲ ನೋಡಿದ್ದೆನೋ. ಹನ್ನೊಂದು ವರ್ಷದಿಂದ ಹಕ್ಕಿ ನೋಡುತ್ತಿದ್ದೇನೆ. ಮೊದಲ ಸಲ ಕಂಡ ಹಕ್ಕಿಗೆ ನಮ್ಮ ಮಂದಿ 'ಲೈಫರ್' ಅನ್ನುತ್ತಾರೆ. ಬೇರೆಯವರ ಲೈಫರ್ ಫೋಟೋಗಳಿಗೆ ಅಭಿನಂದನೆ ಹೇಳಿ ಹೇಳಿ ಸಾಕಾಗಿದ್ದವನಿಗೆ ಇದು ಎಂಥ ಗಳಿಗೆ ಎಂದು ಆ ಚಟ ಇರುವವರಿಗೆ ಹೇಳಬೇಕಾಗಿಲ್ಲ, ಇಲ್ಲದವರಿಗೆ ಹೇಳಿದರೂ ತಿಳಿಯುವುದಿಲ್ಲ.

ಕಾಗೆಗಳನ್ನು ಓಡಿಸಿದೆ. ಆಮೇಲೆ ಇಪ್ಪತ್ತು ನಿಮಿಷ ಫೋಟೋ ತೆಗೆದೆ.

ಈ ಹಕ್ಕಿಯ ವಿಷಯ ಸ್ವಲ್ಪ ಹೇಳಬೇಕು. ಬೂಬಿಗಳು ನಡುಗಡಲಿನ ಹಕ್ಕಿಗಳು. ಗೂಡು ಕಟ್ಟುವುದಕ್ಕೆ ಮಾತ್ರ ಜನವಿಲ್ಲದ ದ್ವೀಪಗಳಿಗೆ ಬರುತ್ತವೆ, ಉಳಿದ ಹೊತ್ತೆಲ್ಲ ನೀರಿನ ಮೇಲೆ. ಅವುಗಳಲ್ಲಿ ಮಾಸ್ಕ್ಡ್ ಬೂಬಿಯೇ ದೊಡ್ಡದು. ರೆಕ್ಕೆ ಬಿಚ್ಚಿದರೆ ಸುಮಾರು ಐದು ಅಡಿ. ಎತ್ತರದಿಂದ ರೆಕ್ಕೆ ಮಡಚಿ ಬಾಣದ ಹಾಗೆ ನೀರಿಗೆ ಬಿದ್ದು ಮೀನು ಹಿಡಿಯುತ್ತದೆ. ನಮ್ಮ ತೀರದಲ್ಲಿ ಇದು ಮೊಟ್ಟೆ ಇಡುವುದಿಲ್ಲ. ಅರಬ್ಬಿ ಸಮುದ್ರದಲ್ಲಿ ಇದರ ನೆಲೆ ಅಂದರೆ ಓಮನ್ ದೇಶದ ದಕ್ಷಿಣ ಕರಾವಳಿಯಾಚೆಯ ಹಲ್ಲಾನಿಯಾತ್ ದ್ವೀಪಗಳಂಥ ಜಾಗಗಳು. ಅರ್ನಾಳದಿಂದ ಅಲ್ಲಿಗೆ ನೇರ ಗೆರೆ ಎಳೆದರೆ ಸುಮಾರು 1,700 ಕಿಲೋಮೀಟರ್. ನನ್ನ ಹಕ್ಕಿ ಅಲ್ಲಿಂದಲೇ ಬಂತೆಂದು ಹೇಳುವ ಹಾಗಿಲ್ಲ, ಅದರ ಕಾಲಿಗೆ ಉಂಗುರವೇನೂ ಇರಲಿಲ್ಲ. ಆದರೆ ತಂದ ಗಾಳಿ ಯಾವುದೆಂಬುದರಲ್ಲಿ ಅನುಮಾನವಿಲ್ಲ.

ಕೀನ್ಯಾ ಬಳಿ ಭೂಮಧ್ಯರೇಖೆ ದಾಟಿ, ಸೊಮಾಲಿಯಾದ ಅಂಚಿನಲ್ಲಿ ತಿರುಗಿ, ಅರಬ್ಬಿ ಸಮುದ್ರವನ್ನು ಅಡ್ಡ ಹಾಯ್ದು ನಮ್ಮ ಪಶ್ಚಿಮ ಕರಾವಳಿಗೆ ಬರುವ ಗಾಳಿಯ ಹೊಳೆಯೊಂದಿದೆ. ನೆಲದಿಂದ ಒಂದು, ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅದರ ವೇಗ ಹೆಚ್ಚು. 1960ರ ದಶಕದಲ್ಲಿ ಜಾನ್ ಫಿಂಡ್ಲೇಟರ್ ಎಂಬ ಬ್ರಿಟಿಷ್ ಹವಾಮಾನ ತಜ್ಞ ಅದರ ದಾರಿಯನ್ನು ಲೆಕ್ಕ ಹಾಕಿ ತೋರಿಸಿದ, ಅದಕ್ಕೇ ಅವನ ಹೆಸರು. ಮುಂಬೈಗೂ ಕುಂದಾಪುರಕ್ಕೂ ಮಳೆ ತರುವುದು ಇದೇ ಗಾಳಿ. ಇದು ಜೋರಾದಾಗ ನಡುಗಡಲಿನ ಹಕ್ಕಿಗಳಲ್ಲಿ ಕೆಲವು, ಅದರಲ್ಲೂ ಅನುಭವವಿಲ್ಲದ ಮರಿಗಳು, ಎದುರು ನಿಲ್ಲಲಾರದೆ ತೇಲಿಬರುತ್ತವೆ. ನೀರು ಕದಡಿ ಮೀನು ಕಾಣುವುದಿಲ್ಲ, ಹೊಟ್ಟೆಗಿಲ್ಲ. ಕೇರಳದಿಂದ ಮಹಾರಾಷ್ಟ್ರದವರೆಗಿನ ದಂಡೆಗಳಲ್ಲಿ ಮಳೆಗಾಲದಲ್ಲಿ ಆಗಾಗ ಇಂಥ ಒಂದೊಂದು ಸಿಗುತ್ತದೆ.

ಬೂಬಿ ಎಂಬ ಹೆಸರು ಬಂದದ್ದು ಸ್ಪ್ಯಾನಿಶ್ ಭಾಷೆಯ 'ಬೊಬೊ' ಎಂಬ ಮಾತಿನಿಂದ. ಹಾಗೆಂದರೆ ಪೆದ್ದ. ಹಿಂದಿನ ನಾವಿಕರ ಹಡಗಿನ ಮೇಲೆ ಇವು ಬಂದು ಕೂರುತ್ತಿದ್ದವಂತೆ, ಮನುಷ್ಯರ ಭಯವಿಲ್ಲದೆ. ನಾವಿಕರು ಸುಲಭವಾಗಿ ಹಿಡಿದು ತಿನ್ನುತ್ತಿದ್ದರು. ತಿಂದವರೇ ಹೆಸರನ್ನೂ ಇಟ್ಟರು.

ಫೋಟೋ ತೆಗೆದು ಮುಗಿಸಿ, ಅಲ್ಲೇ ನಿಂತು ನಮ್ಮ ಹಕ್ಕಿ ಗುಂಪಿಗೆ ವಾಟ್ಸಾಪಿನಲ್ಲಿ ಒಂದು ಚಿತ್ರ ಹಾಕಿದೆ. ಜಾಗವನ್ನೂ ಹಾಕಿದೆ. ಅದಾದ ಮೇಲೆ ಹಕ್ಕಿಯನ್ನು ಏನು ಮಾಡುವುದೆಂದು ಯೋಚಿಸಿದೆ. ಈ ಅನುಕ್ರಮವನ್ನು ಗಮನಿಸಿ.

ಅಷ್ಟರಲ್ಲಿ ಕೋಳಿವಾಡೆಯ ಇಬ್ಬರು ಹುಡುಗರು ಬಂದಿದ್ದರು. ಒಬ್ಬ ಅದನ್ನು ಎತ್ತಿ ಸಮುದ್ರಕ್ಕೆ ಬಿಡೋಣವೆಂದು ಕೈ ಹಾಕಿದ. ಅಲ್ಲಿಯವರೆಗೆ ಕಲ್ಲಿನ ಹಾಗೆ ಕೂತಿದ್ದ ಹಕ್ಕಿ ಕತ್ತು ಚಾಚಿ ಒಂದೇ ಏಟಿಗೆ ಅವನ ಬೆರಳು ಸೀಳಿತು. ಬೂಬಿಯ ಕೊಕ್ಕಿನ ಅಂಚು ಗರಗಸದ ಹಾಗೆ, ಹಿಡಿದ ಮೀನು ಜಾರದಿರಲಿ ಎಂದು. ರಕ್ತ ಚೆನ್ನಾಗಿಯೇ ಬಂತು. ನಾನು ಹಿರಿಯ, ಬೈನಾಕ್ಯುಲರ್ ಇರುವವನು, ತಿಳಿದವನ ಹಾಗೆ ಏನಾದರೂ ಮಾಡಬೇಕಲ್ಲ. ಛತ್ರಿಯಿಂದ ಅದರ ತಲೆ ಮುಚ್ಚಿ, ಹಿಂದಿನಿಂದ ಹಿಡಿದು, ಕಿಸೆಯ ಕರವಸ್ತ್ರದಿಂದ ಕೊಕ್ಕಿಗೆ ಎರಡು ಸುತ್ತು ಹಾಕಿ ಗಂಟು ಬಿಗಿದೆ. ಊರಲ್ಲಿ ಕೋಳಿಯ ಕಾಲು ಕಟ್ಟಿದ ಕೈ ಇದು, ಗಂಟು ಚೆನ್ನಾಗಿ ಬಿತ್ತು. ಹುಡುಗರು ಮೆಚ್ಚಿ ನೋಡಿದರು. ಒಬ್ಬನಿಗೆ ರೆಕ್ಕೆ ಬಿಡಿಸಿ ಹಿಡಿಯಲು ಹೇಳಿ ಅದರ ಫೋಟೋವನ್ನೂ ತೆಗೆದುಕೊಂಡೆ. ಗುರುತಿಗೆ ಬೇಕಾಗುತ್ತದೆ ಅಂತ.

ಆಮೇಲೆ ಅರಣ್ಯ ಇಲಾಖೆಯ ಸಹಾಯವಾಣಿಗೆ ಫೋನು ಹಚ್ಚಿದೆ. ಅಲ್ಲಿಂದ ಒಬ್ಬ ಸ್ವಯಂಸೇವಕನ ನಂಬರ್ ಸಿಕ್ಕಿತು. ಅವನ ಫೋನು ಬಿಝಿ.

ದೋಣಿಯೊಂದರ ಮರೆಯಲ್ಲಿ ಹಳೆ ಬಲೆ ಬಿಡಿಸುತ್ತಿದ್ದ ಕೋಳಿ ಆಜಿಯೊಬ್ಬಳು ಈ ಗದ್ದಲ ಏನೆಂದು ನೋಡಲು ಎದ್ದು ಬಂದಳು. ಎಪ್ಪತ್ತು ದಾಟಿದ್ದಿರಬೇಕು. ಹಕ್ಕಿಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಹಕ್ಕಿಯನ್ನು ನೋಡಿ ಕೂಗಿಕೊಂಡಳು, "ಅರೇ, ತೋಂಡ ಸೋಡ ತ್ಯಾಚಂ! ಮರೇಲ ತೇ!" ಬಾಯಿ ಬಿಡು ಅದರದ್ದು, ಸಾಯ್ತದೆ.

ಆಗ ನೋಡಿದೆ. ಅದರ ಗಂಟಲು ಒಂದೇ ಸಮನೆ ಪಟಪಟ ಬಡಿದುಕೊಳ್ಳುತ್ತಿತ್ತು. ಕಣ್ಣಿನ ಮೇಲೆ ಬಿಳಿ ಪೊರೆ ಅರ್ಧ ಬಂದಿತ್ತು. ಬಿಗಿದ ಗಂಟು ಮಳೆಗೆ ನೆನೆದು ಇನ್ನೂ ಬಿಗಿಯಾಗಿತ್ತು, ನನ್ನ ಉಗುರಿಗೆ ಸಿಗಲಿಲ್ಲ. ಆಜಿ ಬಲೆ ಕತ್ತರಿಸುವ ಚೂರಿ ತಂದು ಕರವಸ್ತ್ರ ಕುಯ್ದಳು. ಹಕ್ಕಿ ಬಾಯಿ ಅಗಲಕ್ಕೆ ತೆರೆದು ಹಾಗೇ ಕೂತಿತು. ಕಚ್ಚಲಿಲ್ಲ.

ಸ್ವಯಂಸೇವಕ ವಾಪಸು ಫೋನು ಮಾಡಿದಾಗ ನಾನು ಅವನಿಗೆ ಇದನ್ನೂ ಹೇಳಿದೆ. ಹುಡುಗ ಒಂದು ಗಳಿಗೆ ಸುಮ್ಮನಾದ. ಆಮೇಲೆ ತಾಳ್ಮೆಯಿಂದ ವಿವರಿಸಿದ. "ಅಂಕಲ್, ಬೂಬಿಗೆ ಹೊರಗೆ ಮೂಗಿನ ಹೊಳ್ಳೆ ಇರೋದಿಲ್ಲ." ಎತ್ತರದಿಂದ ನೀರಿಗೆ ಅಪ್ಪಳಿಸುವ ಹಕ್ಕಿ, ಹೊಳ್ಳೆ ಇದ್ದರೆ ನೀರು ನುಗ್ಗುತ್ತದೆ. ಅದಕ್ಕೇ ಮುಚ್ಚಿಹೋಗಿವೆ. ಅದು ಉಸಿರಾಡುವುದು ಬಾಯಿಯ ಮೂಲೆಯಿಂದ. ಬೇರೆ ಹಕ್ಕಿಯ ಕೊಕ್ಕು ಕಟ್ಟಿದರೆ ಮೂಗಿನಿಂದ ಉಸಿರಾಡುತ್ತದೆ, ಬೂಬಿಯ ಕೊಕ್ಕು ಕಟ್ಟಿದರೆ ಉಸಿರು ಕಟ್ಟಿದ ಹಾಗೆಯೇ. ನೀರುಕಾಗೆಯದೂ ಇದೇ ಕಥೆಯಂತೆ. "ನೀವು ಕೊಕ್ಕಿನ ನಡುವೆ ಕಟ್ಟಿರಬೇಕು, ಬುಡದಲ್ಲಿ ಸಂದು ಉಳಿದಿದೆ. ಅದಕ್ಕೇ ಇನ್ನೂ ಇದೆ," ಎಂದ.

ಹನ್ನೊಂದು ವರ್ಷ ಪುಸ್ತಕದಲ್ಲಿ ಅದರ ಕುತ್ತಿಗೆಯ ಪಟ್ಟಿ ನೋಡಿದ್ದೆ. ಮೂಗು ನೋಡಿರಲಿಲ್ಲ.

ಅವನು ಹೇಳಿದ ಉಳಿದದ್ದನ್ನು ಇಲ್ಲಿ ಬರೆದಿಡುತ್ತೇನೆ, ನಿಮ್ಮಲ್ಲಿ ದಂಡೆಯ ಹತ್ತಿರ ಇರುವವರು ಬಹಳ ಮಂದಿ. ಇಂಥ ಹಕ್ಕಿ ಸಿಕ್ಕರೆ ಸಮುದ್ರಕ್ಕೆ ಎಸೆಯಬಾರದು. ಅದು ಸಮುದ್ರದಿಂದ ಸೋತು ಬಂದದ್ದು, ಮತ್ತೆ ಅಲ್ಲಿಗೇ ದೂಡಿದರೆ ಮುಳುಗುತ್ತದೆ. ಬಾಯಿಗೆ ನೀರು ಹುಯ್ಯಬಾರದು, ಮೀನು ತುರುಕಬಾರದು. ಟವೆಲ್ಲೋ ದಪ್ಪ ಬಟ್ಟೆಯೋ ಮೇಲೆ ಹಾಕಿ, ರೆಕ್ಕೆ ಮೈಗೆ ಸೇರಿಸಿ ಎತ್ತಿ, ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಬೇಕು. ಕತ್ತಲು, ಮೌನ. ಅಷ್ಟೇ ಔಷಧ, ಡಾಕ್ಟರು ಸಿಗುವವರೆಗೆ.

ಕತ್ತಲೂ ಮೌನವೂ ಎಲ್ಲಿಂದ ಬರಬೇಕು? ನಾನು ಗುಂಪಿಗೆ ಜಾಗ ಕಳಿಸಿ ಮುಕ್ಕಾಲು ಗಂಟೆಯಾಗಿತ್ತು. ನಾಲಾಸೋಪಾರಾ, ಭಾಯಂದರ್ ಕಡೆಯಿಂದ ಮಾರುದ್ದದ ಲೆನ್ಸ್ ಹೊತ್ತು ಐದಾರು ಜನ ಬಂದಿಳಿದಿದ್ದರು. ಒಳ್ಳೆಯವರೇ, ನನ್ನ ಗೆಳೆಯರೇ. "ಪೆಟ್ಟಿಗೆಗೆ ಹಾಕೋ ಮುಂಚೆ ಒಂದೇ ಒಂದು ಫೋಟೋ," ಅಂದರು. ಬೇಡ ಅನ್ನಲು ನನಗೆ ಯಾವ ಮುಖವಿತ್ತು? ನನ್ನ ಕ್ಯಾಮರಾದಲ್ಲಿ ಆಗಲೇ ನೂರ ನಲವತ್ತು ಚಿತ್ರಗಳಿದ್ದವು. ಕೊನೆಗೆ ಆ ಆಜಿಯೇ ಮನೆಯಿಂದ ಬಿಸ್ಕತ್ತಿನ ಖಾಲಿ ಖೋಕಾ ತಂದು, ತನ್ನ ಹಳೆ ಸೀರೆಯ ತುಂಡು ಹಾಸಿ, ಹಕ್ಕಿಯನ್ನು ಮಗುವಿನ ಹಾಗೆ ಎತ್ತಿ ಒಳಗಿಟ್ಟು ಮುಚ್ಚಳ ಹಾಕಿದಳು. ಲೆನ್ಸಿನವರು ಏನೂ ಹೇಳಲಿಲ್ಲ.

ವಿರಾರಿನವರೆಗೆ ಖೋಕಾ ತೊಡೆಯ ಮೇಲಿತ್ತು. ಎಷ್ಟು ಹಗುರವೆಂದರೆ ಹಳ್ಳದಲ್ಲಿ ರಿಕ್ಷಾ ಕುಣಿದಾಗೆಲ್ಲ ಒಳಗೆ ಇದೆಯೋ ಇಲ್ಲವೋ ಅನ್ನಿಸುತ್ತಿತ್ತು. ಮುಟ್ಟಿ ನೋಡಿದಾಗ ಎದೆಮೂಳೆ ಚೂರಿಯ ಅಲಗಿನ ಹಾಗೆ ಕೈಗೆ ಸಿಕ್ಕಿತ್ತು. ಸ್ವಯಂಸೇವಕ ಸ್ಟೇಷನ್ ಹತ್ತಿರ ಕಾದಿದ್ದ. ಅವರ ಕೇಂದ್ರದಲ್ಲಿ ತೂಗಿದಾಗ ಒಂಬೈನೂರ ನಲವತ್ತು ಗ್ರಾಂ. ಬೆಳೆದ ಹಕ್ಕಿ ಕಡಿಮೆಯೆಂದರೂ ಒಂದು ಕಿಲೋ ಇನ್ನೂರು ಗ್ರಾಂ ಇರಬೇಕು.

ಸೋಮವಾರ ಅದು ಎದ್ದು ನಿಂತಿತೆಂದು ಮೆಸೇಜ್ ಬಂತು. ಮಂಗಳವಾರ ಮಧ್ಯಾಹ್ನ ಎರಡು ಬಂಗಡೆ ನುಂಗಿತಂತೆ. ಬುಧವಾರ ಬೆಳಿಗ್ಗೆ ಅವನೇ ಫೋನು ಮಾಡಿದ. ರಾತ್ರಿ ಹೋಗಿಬಿಟ್ಟಿದೆ ಅಂಕಲ್ ಅಂದ.

ನಾನು ಡಾಕ್ಟರರ ನಂಬರ್ ತೆಗೆದುಕೊಂಡು ನೇರ ಕೇಳಿದೆ. ಕೊಕ್ಕು ಕಟ್ಟಿದ್ದರಿಂದ ಹೀಗಾಯಿತಾ? ಆಕೆ, "ಹಸಿವು, ಬಳಲಿಕೆ. ಇಂಥವುಗಳಲ್ಲಿ ಹೆಚ್ಚಿನವು ಉಳಿಯೋದಿಲ್ಲ," ಎಂದರು. ನಾನು ಮತ್ತೆ ಅದನ್ನೇ ಕೇಳಿದೆ. "ಒಳ್ಳೆಯದಂತೂ ಆಗಿಲ್ಲ," ಎಂದರು. ಅಷ್ಟೇ. ಅವರು ಬೈದಿದ್ದರೆ ಚೆನ್ನಾಗಿತ್ತು.

ಅತ್ತ ಗುಂಪಿನಲ್ಲಿ ಅಭಿನಂದನೆಗಳು ನಿಂತಿರಲಿಲ್ಲ. ಬುಧವಾರ ಸಂಜೆಯೂ ಪುಣೆಯ ಒಬ್ಬರು 'ಎಂಥ ಅದೃಷ್ಟ ಸಾರ್ ನಿಮ್ಮದು' ಎಂದು ಬರೆದು ಚಪ್ಪಾಳೆಯ ಚಿತ್ರ ಹಾಕಿದ್ದರು. ದಾರಿ ತಪ್ಪಿದ ಹಕ್ಕಿಗಳ ವಿಷಯದಲ್ಲಿ ಯಾವಾಗಲೂ ಇದೇ. 2021ರ ಫೆಬ್ರವರಿಯಲ್ಲಿ ಅಸ್ಸಾಮಿನ ತಿನ್ಸುಕಿಯಾ ಬಳಿಯ ಮಾಗುರಿ ಬೀಲ್‌ಗೆ ಒಂದು ಮ್ಯಾಂಡರಿನ್ ಬಾತು ಬಂದಾಗ ಅದನ್ನು ನೋಡಲು ಜನ ಧಾವಿಸಿದ್ದರು. ಸಾಧ್ಯವಿದ್ದರೆ ನಾನೂ ಹೋಗುತ್ತಿದ್ದೆ. ಹಕ್ಕಿ ತನ್ನ ಜಾಗದಲ್ಲಿದ್ದಷ್ಟು ಹೊತ್ತು ಅದಕ್ಕೆ ಬೆಲೆ ಕಡಿಮೆ, ಇರಬಾರದ ಜಾಗದಲ್ಲಿ ಬಿದ್ದಾಗಲೇ ನಮಗೆ ಹಬ್ಬ.

ಆಗಸ್ಟಿನಲ್ಲಿ ಸಂಘದ ಒಂದು ಕಾರ್ಯಕ್ರಮದಲ್ಲಿ ಊಟದ ಹೊತ್ತಿಗೆ ಈ ಕಥೆ ಹೇಳಿದೆ, ಕರವಸ್ತ್ರದ ಭಾಗ ಬಿಟ್ಟು. ಹಿರಿಯ ಮಿತ್ರರೊಬ್ಬರು ಸಾರು ಸುರಿಯುವುದನ್ನು ಅರ್ಧಕ್ಕೆ ನಿಲ್ಲಿಸಿ, "ನಮ್ಮ ಕಥೆಯೇ ಅಲ್ವಾ ಮಾರಾಯ್ರೆ! ಗಾಳಿಗೆ ಬಂದು ಈ ದಂಡೆಗೆ ಬಿದ್ದವರು," ಎಂದರು. ಸುತ್ತಲಿನವರು ಹೌದೌದೆಂದು ತಲೆಯಾಡಿಸಿದರು. ಹೊರನಾಡಿನವರಾದ ನಮಗೆ ಯಾವ ಹಕ್ಕಿ ತೋರಿಸಿದರೂ ಅದು ನಾವೇ ಆಗಿಬಿಡುತ್ತೇವೆ. ನನಗೆ ಒಪ್ಪಿಗೆಯಾಗಲಿಲ್ಲ. ನಾನು 1986ರಲ್ಲಿ ಬಂದದ್ದು ಬಸ್ಸಿನಲ್ಲಿ, ಟಿಕೆಟು ತೆಗೆದುಕೊಂಡು, ಫೋರ್ಟಿನ ಕ್ಯಾಂಟೀನಿನಲ್ಲಿದ್ದ ಸೋದರಮಾವನ ವಿಳಾಸದ ಚೀಟಿ ಕಿಸೆಯಲ್ಲಿಟ್ಟುಕೊಂಡು. ಇಳಿದ ಮರುದಿನವೇ ಕೆಲಸ, ಆರು ತಿಂಗಳಿಗೆ ಕನ್ನಡ ರಾತ್ರಿಶಾಲೆ. ಗಾಳಿ ತಂದದ್ದಲ್ಲ. ಹೋಲಿಸಲೇಬೇಕೆಂದಿದ್ದರೆ ಗೋವಕ್ಕಿ ಇದೆ. ನಮ್ಮೂರ ಗದ್ದೆಯಲ್ಲಿ ಎಮ್ಮೆಯ ಬೆನ್ನ ಮೇಲೆ ಕೂರುವ ಅದೇ ಬೆಳ್ಳಕ್ಕಿ. ಆಫ್ರಿಕಾದ ಕೆಲವು ಗೋವಕ್ಕಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಟ್ಲಾಂಟಿಕ್ ದಾಟಿ ದಕ್ಷಿಣ ಅಮೆರಿಕ ಸೇರಿದವು, ಅಲ್ಲಿ ದನಗಳ ಹಿಂಡು ಕಂಡು ನಿಂತವು, ಉಡುಪಿ ಹೋಟೆಲು ಹಬ್ಬಿದ ಹಾಗೆ ಎರಡೂ ಅಮೆರಿಕಗಳಿಗೆ ಹಬ್ಬಿದವು. ಅದನ್ನು ಹೇಳಿದ ಮೇಲೆ ಊಟದ ಪಂಕ್ತಿಯಲ್ಲಿ ಒಳ್ಳೆ ನಗೆ ಎದ್ದಿತು. ನಕ್ಕು ಮುಗಿಯುವಷ್ಟರಲ್ಲಿ ಬೂಬಿ ಎಲ್ಲರಿಗೂ ಮರೆತಿತ್ತು.

ಕರವಸ್ತ್ರದ ವಿಷಯ ಪೂರ್ತಿ ಹೇಳಿದ್ದು ಅಣ್ಣಯ್ಯನಿಗೆ ಮಾತ್ರ. ನಲವತ್ತು ವರ್ಷ ಸಮುದ್ರಕ್ಕೆ ಹೋದವನು, ಈಗ ಮೊಣಕಾಲು ನೋವೆಂದು ಮನೆಯಲ್ಲಿದ್ದಾನೆ. ಫೋಟೋ ಕಳಿಸಿದ್ದೆ. ನೋಡಿ ಫೋನು ಮಾಡಿದ.

"ಇದ್ ಗೊತ್ತಿತ್ತ್ ನಂಗೆ. ಆಳ್ ಸಮುದ್ರದಗೆ ದೋಣಿ ಮೇಲೆ ಬಂದ್ ಕೂಕಣತ್ತ್. ನಾವ್ ಮುಟ್ಟುಕೆ ಹೋತಿಲ್ಲ. ಸುಸ್ತ್ ಕಳ್ದ್ ಮೇಲೆ ಅದೇ ಹಾರಿ ಹೋತ್ತ್."

ಅದಕ್ಕೆ ಮೂಗಿನ ಹೊಳ್ಳೆ ಇಲ್ಲವೆಂದು ನಿನಗೆ ಗೊತ್ತಿತ್ತಾ ಎಂದು ಕೇಳಿದೆ.

"ಅದೆಲ್ಲ ನಂಗೆಂತ ಗೊತ್ತ್? ಆರೆ ಬಾಯಿ ಎಂತಕ್ ಕಟ್ಟೂದ್? ಬಾಯಿ ಕಟ್ರೆ ಯಾರಾರೂ ಬದ್ಕ್ತ್ರಾ?" ಎಂದ. ಬೈದ ದನಿಯಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದ ದನಿ. ಆಮೇಲೆ ಅತ್ತಿಗೆಯ ಬಿ.ಪಿ. ವಿಷಯ ತೆಗೆದ.

ಇ-ಬರ್ಡ್‌ನಲ್ಲಿ ದಾಖಲೆ ಹಾಕುವುದು ಬಾಕಿ ಇತ್ತು. ಅಪರೂಪದ ಹಕ್ಕಿಯಾದರೆ ಅಲ್ಲಿ ಸುಮ್ಮನೆ ಹೆಸರು ಬರೆದರೆ ಸಾಲದು, ಹೇಗೆ ಗುರುತಿಸಿದಿರಿ ಎಂದು ವಿವರ ಕೊಡಬೇಕು, ಪರಿಶೀಲಿಸುವವರಿರುತ್ತಾರೆ. ಸೆಪ್ಟೆಂಬರಿನವರೆಗೆ ಮುಂದೂಡುತ್ತಾ ಬಂದೆ. ಒಂದು ರಾತ್ರಿ ಕೂತು ಚಿತ್ರಗಳನ್ನು ಆರಿಸತೊಡಗಿದೆ. ರೆಕ್ಕೆ ಬಿಡಿಸಿದ ಚಿತ್ರವೇ ಎಲ್ಲಕ್ಕಿಂತ ಸ್ಪಷ್ಟವಾಗಿತ್ತು, ಗುರುತಿಗೆ ಅದೇ ಬೇಕು. ಅದರಲ್ಲಿ ನೀಲಿ ಚೌಕಳಿಯ ಕರವಸ್ತ್ರವೂ ಸ್ಪಷ್ಟವಾಗಿತ್ತು. ಕ್ಯಾಮರಾ ಪ್ರತಿ ಚಿತ್ರಕ್ಕೂ ಹೊತ್ತು ಬರೆದಿಡುತ್ತದೆ. ಕರವಸ್ತ್ರ ಇರುವ ಮೊದಲ ಚಿತ್ರ 8.04ಕ್ಕೆ, ಕೊನೆಯದು 8.11ಕ್ಕೆ. ಏಳು ನಿಮಿಷದಲ್ಲಿ ಹದಿನಾರು ಚಿತ್ರ ತೆಗೆದಿದ್ದೆ.

ಕೊಕ್ಕಿನ ಭಾಗ ಕತ್ತರಿಸಿ ಹಾಕಬಹುದಿತ್ತು, ಸ್ವಲ್ಪ ಹೊತ್ತು ಕತ್ತರಿಸಿಯೂ ನೋಡಿದೆ. ಆಮೇಲೆ ಪೂರ್ತಿ ಚಿತ್ರವನ್ನೇ ಏರಿಸಿದೆ. ಸಂಖ್ಯೆ ಒಂದು. ವಯಸ್ಸು, ಎಳೆಯದು. ಗುರುತು, ಕುತ್ತಿಗೆಯ ಬಿಳಿ ಪಟ್ಟಿ, ಬಿಳಿ ಹೊಟ್ಟೆ. ಕೆಳಗೆ ಟಿಪ್ಪಣಿಯ ಜಾಗದಲ್ಲಿ ಬರೆದೆ: ದಂಡೆಯಲ್ಲಿ ಬಳಲಿ ಬಿದ್ದಿತ್ತು. ತೂಕ 940 ಗ್ರಾಂ. ಚಿತ್ರದಲ್ಲಿ ಕೊಕ್ಕಿಗೆ ಕಟ್ಟಿರುವ ಬಟ್ಟೆ ನನ್ನದು, ಏಳು ನಿಮಿಷಕ್ಕಿಂತ ಹೆಚ್ಚು ಹೊತ್ತು ಇತ್ತು, ಈ ಹಕ್ಕಿಗೆ ಹಾಗೆ ಕಟ್ಟಬಾರದು. ಮಂಗಳವಾರ ರಾತ್ರಿ ಸತ್ತಿತು.